ಕಾಗದ ಇರುವ ಧರ್ಮತಾಯಿ

ನಮ್ಮ ಟ್ರೈಲರ್ ಮನೆಗಳ ಸಾಲಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ದೊಮಿತೀಲಾ ಒಬ್ಬರೇ ಧರ್ಮತಾಯಿ. ನನ್ನ ಮಗನಿಗೂ ಅವರೇ. ಅವನ ಜ್ಞಾನಸ್ನಾನಕ್ಕೆ ಮುಂಚೆ ನಾವಿಬ್ಬರೂ ಹೋಗೇ ಬಾರೇ ಅಂತಿದ್ದ ಗೆಳತಿಯರು, ದಿನಾ ಏನಾದರೊಂದಕ್ಕೆ ಕಿತ್ತಾಡುತ್ತಿದ್ದೆವು. ಪಾದ್ರಿ ಮಗುವಿನ ತಲೆ ಮೇಲೆ ನೀರು ಹಾಕಿದ ಗಳಿಗೆಯಿಂದ ಅದೆಲ್ಲ ಬಂದ್. ಹೆತ್ತ ತಾಯಿ, ಧರ್ಮತಾಯಿ ಇಬ್ಬರೂ ಆವತ್ತಿನಿಂದ ಒಬ್ಬರಿಗೊಬ್ಬರು ‘ಕೊಮಾದ್ರೆ’. ಸಾಯೋವರೆಗೆ ಬಹುವಚನ, ಜಗಳ ಆಡೋ ಹಾಗಿಲ್ಲ. ನನ್ನಂಥ ಬಾಯಿಬಡುಕಿಗೆ ಅದೆಷ್ಟು ಕಷ್ಟ ಅಂತ ನಿಮಗೇನು ಗೊತ್ತು! ಅವರು ಒಂದು ಸಲ ನನ್ನ ಮಗನ ಕೆನ್ನೆಗೆ ಬಾರಿಸಿದರು, ಸ್ಕೂಲಿಗೆ ಚಕ್ಕರ್ ಹೊಡೆದ ಅಂತ. ಧರ್ಮತಾಯಿಗೆ ಆ ಹಕ್ಕಿದೆ. ನಾನು ಹಲ್ಲು ಕಚ್ಚಿಕೊಂಡು, “ಒಳ್ಳೇದು ಮಾಡಿದ್ರಿ ಕೊಮಾದ್ರೆ” ಅಂದೆ.

ಗಡಿಯಾಚೆ ನಮ್ಮ ಊರಿನಲ್ಲಾಗಿದ್ದರೆ ಮಗುವಿಗೆ ಧರ್ಮತಾಯಿ ಬೇಕು ಅಂದಾಗ ಹೊಲ ಮನೆ ಇರೋರನ್ನು ಹುಡುಕುತ್ತಿದ್ದೆವು. ಇಲ್ಲಿ ಅಲಬಾಮಾದಲ್ಲಿ ನಾವು ಹುಡುಕಿದ್ದು ಕಾಗದ, ಅಂದರೆ ಈ ದೇಶದಲ್ಲಿರೋಕೆ ಸರ್ಕಾರದ ಅನುಮತಿ, ಇರೋರನ್ನು. ಅಪ್ಪ ಅಮ್ಮನನ್ನು ಹಿಡಿದು ಗಡಿಯಾಚೆ ಹಾಕಿದರೆ ಇಲ್ಲಿ ಹುಟ್ಟಿದ ಕೂಸಿಗೆ ಯಾರು ಗತಿ? ಧರ್ಮತಾಯಿಗೆ ಕಾಗದ ಇದ್ದರೆ ಮಗುವಾದರೂ ಉಳಿಯುತ್ತದೆ. ಇದು ನಮ್ಮ ಲೆಕ್ಕಾಚಾರ.

ಆದರೆ ಯಾರಿಗೆ ಕಾಗದ ಇದೆ ಅಂತ ತಿಳಿಯೋದು ಹೇಗೆ? ನಮ್ಮ ಸಾಲಿನಲ್ಲಿ ಆ ಪ್ರಶ್ನೆಯೊಂದನ್ನು ಬಿಟ್ಟು ಇನ್ನೇನು ಬೇಕಾದರೂ ಕೇಳಬಹುದಿತ್ತು. ಗಂಡ ಹೊಡೀತಾನಾ ಅಂತ ಕೇಳಿ, ಬಸಿರು ಎಷ್ಟು ತಿಂಗಳು ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕಾಗದ ಇದೆಯಾ ಅಂತ ಕೇಳಿದರೆ ಮುಗಿಯಿತು, ಅವರು ನಿಮ್ಮ ಹೊಸ್ತಿಲು ತುಳಿಯಲ್ಲ. ನನಗಿದೆಯಾ ಅಂತ ನೀವೂ ಕೇಳಬೇಡಿ, ನಾನು ಹೇಳಲ್ಲ.

ಹಾಗಾಗಿ ನಾವು ನಡಿಗೆ ನೋಡಿ ತೀರ್ಮಾನ ಮಾಡುತ್ತಿದ್ದೆವು. ದೊಮಿತೀಲಾ ನಡಿಗೆ ಒಮ್ಮೆ ನೋಡಬೇಕಿತ್ತು ನೀವು! ಪೊಲೀಸ್ ಗಾಡಿ ಕಂಡರೆ ನಾವೆಲ್ಲ ಪರದೆ ಎಳೆದುಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಅವರು ಎದೆ ಸೆಟೆಸಿಕೊಂಡು ಅದರ ಮುಂದೇ ಹಾದು ಹೋಗುತ್ತಿದ್ದರು. ಒಂದು ದಿನ ಪೊಲೀಸನೊಬ್ಬ ಅವರ ಕೊತ್ತಂಬರಿ ಪಾತಿಯ ಮೇಲೆ ಗಾಡಿ ನಿಲ್ಲಿಸಿದ. ಇವರು ಹೋಗಿ ಗಾಜು ತಟ್ಟಿ, “ಏನಪ್ಪಾ, ಕಣ್ಣು ಮನೇಲಿ ಬಿಟ್ಟು ಬಂದಿದೀಯಾ?” ಅಂತ ತಮ್ಮ ಹರುಕು ಮುರುಕು ಇಂಗ್ಲಿಷಿನಲ್ಲಿ ದಬಾಯಿಸಿದರು. ಅವನು ಟೋಪಿ ತೆಗೆದು ಕ್ಷಮೆ ಕೇಳಿ ಗಾಡಿ ಹಿಂದಕ್ಕೆ ತೆಗೆದುಕೊಂಡ. ಇಷ್ಟು ಗಟ್ಟಿ ಗುಂಡಿಗೆ ಇರಬೇಕಾದರೆ ಕಾಗದ ಇದ್ದೇ ಇರಬೇಕು ಅಂತ ನಾವೆಲ್ಲ ಅಂದುಕೊಂಡೆವು. ಆ ವರ್ಷ ಹುಟ್ಟಿದ ಮಕ್ಕಳಿಗೆಲ್ಲ ಅವರೇ ಧರ್ಮತಾಯಿಯಾದರು.

ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಗಡಿಯಾಚೆ ಹಿದಾಲ್ಗೊ ಸೀಮೆಯ ಹಳ್ಳಿಯಿಂದ ಗಂಡನ ಜೊತೆ ಬಂದವರು. ಬಂದ ಸ್ವಲ್ಪ ದಿನಕ್ಕೇ ಆ ಮಹಾನುಭಾವ ಇನ್ನೊಬ್ಬಳನ್ನು ಕಟ್ಟಿಕೊಂಡು ಟೆಕ್ಸಸ್ ಕಡೆ ಹೋದ. “ಹೋಗ್ಲಿ ಬಿಡಿ, ಗೊರಕೆ ತಪ್ತು” ಅಂತಿದ್ದರು. ಟಿಡ್ಮೋರ್ ಅನ್ನೋ ಬಿಳಿಯನ ಟೊಮೇಟೊ ಶೆಡ್ಡಿನಲ್ಲಿ ಕೆಲಸ. ಹಸಿರುಕಾಯಿ ಒಂದು ಕಡೆ, ದೋರೆ ಹಣ್ಣು ಒಂದು ಕಡೆ, ಒಡೆದದ್ದು ಬುಟ್ಟಿಗೆ. ಆ ಶೆಡ್ಡಿನಲ್ಲಿ ನಿಂತು ನಿಂತೇ ಅವರ ಕೂದಲು ಬೆಳ್ಳಗಾಯಿತು. ಶನಿವಾರ ಶನಿವಾರ ತಮಾಲೆ ಕಡುಬು ಬೇಯಿಸಿ, ಸುತ್ತಿದ ಮುಸುಕಿನ ಜೋಳದ ಸಿಪ್ಪೆ ಸಮೇತ ಬಿಸಿಬಿಸಿಯಾಗಿ ಒಂದೊಂದು ಮಗುವಿನ ಕೈಗೂ ತಾವೇ ಕೊಡುತ್ತಿದ್ದರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ರಾಜ್ಯದವರು ಹೊಸ ಕಾಯ್ದೆ ತಂದರು. ರಸ್ತೆಯಲ್ಲಿ ಯಾವುದಕ್ಕೆ ತಡೆದರೂ ಪೊಲೀಸರು ಕಾಗದ ಕೇಳಬಹುದು. ಕಾಗದ ಇಲ್ಲದವರ ಜೊತೆ ಸರ್ಕಾರಿ ಕಚೇರಿಗಳು ಯಾವ ವ್ಯವಹಾರವನ್ನೂ ಮಾಡುವಂತಿಲ್ಲ. ಗೊತ್ತಿದ್ದೂ ಕೆಲಸ ಕೊಟ್ಟವನ ವ್ಯಾಪಾರಕ್ಕೆ ಬೀಗ. ರೇಡಿಯೋ ಹಾಕಿದರೆ ಅದೇ, ಚರ್ಚಿಗೆ ಹೋದರೆ ಅದೇ. ಶೆಡ್ಡಿನಲ್ಲೂ ಒಂದು ದಿನ ಅದೇ ಮಾತು ಬಂತು. ನಾನೂ ಅಲ್ಲೇ ಡಬ್ಬಿ ತುಂಬುತ್ತಿದ್ದೆ.

“ನೋಡು ದೊಮಿತೀಲಾ, ನಾನೂ ಇದರ ಪರ ಇರೋನಿಗೇ ವೋಟು ಹಾಕಿದ್ದು,” ಅಂದ ಟಿಡ್ಮೋರ್. “ಇದು ನಿನ್ನಂಥೋರ ಮೇಲಲ್ಲ, ಕದ್ದು ಬಂದೋರ ಮೇಲೆ. ಮುಂಬಾಗಿಲಿಂದ ಬಂದೋರಿಗೆ ಏನು ಭಯ?”

“ಆ ಮುಂಬಾಗಿಲು ಎಲ್ಲಿದೆ ಅಂತ ತೋರ್ಸಿ ಸ್ವಾಮಿ. ನಮ್ಮೂರ ಕಡೆಯಿಂದ ನೋಡಿದ್ರೆ ಬರೀ ಗೋಡೆ ಕಾಣುತ್ತೆ.”

“ತಮಾಷೆ ಬೇಡ. ಕಾಲುಚೀಲದ ಕಾರ್ಖಾನೆ ಮುಚ್ಚಿದಾಗಿಂದ ನನ್ನ ತಂಗಿ ಮಗ ಮನೇಲಿ ಕೂತಿದಾನೆ. ಅವನ ಮುಖ ನೋಡಿ ನಾನೇನು ಹೇಳ್ಲಿ? ಕಾನೂನು ಅಂತ ಒಂದಿರ್ಬೇಕು ತಾನೆ?”

“ಇರ್ಬೇಕು. ನಿಮ್ಮ ತಂಗಿ ಮಗನ್ನ ನಾಳೆ ಕಳ್ಸಿ. ಹಣ್ಣು ಬಿಡಿಸೋದು ನಾನೇ ಕಲಿಸ್ತೀನಿ.”

ಅವನು ನಿಜವಾಗಿಯೂ ಬಂದ. ಸುಳ್ಳು ಹೇಳಬಾರದು, ಒಳ್ಳೆಯವನು, ಮೈಮುರಿದು ದುಡಿದ. ವಾರ ಕಳೆಯೋ ಹೊತ್ತಿಗೆ ಅವನ ಸೊಂಟ ಬಿದ್ದುಹೋಯಿತು. ದೊಮಿತೀಲಾನೇ ಎಣ್ಣೆ ತಿಕ್ಕಿ ಮನೆಗೆ ಕಳಿಸಿದರು. ಟಿಡ್ಮೋರ್ ಆಮೇಲೆ ಆ ಮಾತೆತ್ತಲಿಲ್ಲ. ಆದರೆ ಯಾರಾದರೂ ವಿಚಾರಿಸಿದರೆ ಮಾತ್ರ, “ನನ್ನ ಶೆಡ್ಡಲ್ಲಿ ಎಲ್ಲಾ ಸರಿಯಾಗಿದೆ, ಬೇಕಾದ್ರೆ ದೊಮಿತೀಲಾನ ನೋಡಿ” ಅಂತ ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತಿದ್ದ. ಕೆಟ್ಟವನಲ್ಲ ಅವನು. ಅದೇ ನನಗೆ ಹೊಟ್ಟೆ ಉರಿಸೋದು, ಕೆಟ್ಟವನಾಗಿದ್ದರೆ ಬೈದುಕೊಂಡು ಆರಾಮಾಗಿರಬಹುದಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ನಮ್ಮ ಸಾಲು ಖಾಲಿಯಾಗತೊಡಗಿತು. ಹಾಸಿಗೆ ಸುತ್ತಿ, ಒಲೆಯ ಮೇಲಿನ ಪಾತ್ರೆ ಹಾಗೇ ಬಿಟ್ಟು ಫ್ಲೋರಿಡಾಕ್ಕೆ ಹೋದವರಿದ್ದಾರೆ. ಹೋಗೋ ಮುಂಚೆ ಪ್ರತಿಯೊಬ್ಬರೂ ದೊಮಿತೀಲಾ ಬಾಗಿಲಿಗೆ ಬಂದು, “ದಾರೀಲಿ ಸಿಕ್ಕಿಬಿದ್ರೆ ಮಗು ನಿಮ್ಮದು ಕೊಮಾದ್ರೆ” ಅನ್ನುತ್ತಿದ್ದರು. “ಆಯ್ತು, ಧೈರ್ಯವಾಗಿ ಹೋಗಿ” ಅಂತ ಎಲ್ಲರಿಗೂ ಅನ್ನುತ್ತಿದ್ದರು.

ನಮ್ಮ ಸಾಲಿನ ಮರಿಬೆಲ್ ಮತ್ತು ಅವಳ ಗಂಡ ಫೌಸ್ತೋ ಹೋಗಲಿಲ್ಲ. ಹೋಗೋ ಹಾಗಿರಲಿಲ್ಲ. ಅವರ ದೊಡ್ಡ ಮಗಳು, ದೊಮಿತೀಲಾ ಧರ್ಮಮಗಳು ಇತ್ಸೆಲ್‌ಗೆ ಹೃದಯದಲ್ಲಿ ತೂತು. ಏಳು ವರ್ಷದ ಹುಡುಗಿ, ಒಂದು ಮಾತು ಆಡಿ ಮುಗಿಸೋದರೊಳಗೆ ಗೋಡೆ ಹಿಡಿದುಕೊಳ್ಳೋಳು. ಅತ್ತರೆ ತುಟಿ ನೀಲಿ. ಬರ್ಮಿಂಗ್‌ಹ್ಯಾಮಿನ ದೊಡ್ಡಾಸ್ಪತ್ರೆಯಲ್ಲಿ ಮಾರ್ಚ್ ತಿಂಗಳಿಗೆ ಆಪರೇಷನ್ ಅಂತ ಗೊತ್ತಾಗಿತ್ತು. ಇಲ್ಲಿ ಹುಟ್ಟಿದವಳು, ಖರ್ಚು ಸರ್ಕಾರದ್ದು. ಊರಿಗೆ ಕರೆದುಕೊಂಡು ಹೋದರೆ ಅಲ್ಲಿ ಗುಡ್ಡದ ಮೇಲೆ ಒಬ್ಬ ನರ್ಸೂ ಇಲ್ಲ.

ಅಕ್ಟೋಬರಿನಲ್ಲಿ ಅವರ ಕಾರಿನ ಹಿಂದಿನ ದೀಪ ಕೆಟ್ಟಿದೆ ಅಂತ ಪೊಲೀಸರು ತಡೆದರು. ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿದ್ದರು. ಫೌಸ್ತೋನನ್ನು ಗಡಿ ದಾಟಿಸಿದರು. ಮಡಿಲಲ್ಲಿ ಹಾಲು ಕುಡಿಯೋ ಕೂಸಿದೆ ಅಂತ ಮರಿಬೆಲ್‌ಳನ್ನು ಬಿಟ್ಟರು, ತಿಂಗಳೊಳಗೆ ದೇಶ ಬಿಡಬೇಕು ಅಂತ ಹೇಳಿ.

ಮಾರನೇ ಭಾನುವಾರ ಮಧ್ಯಾಹ್ನ ಅವಳು ದೊಮಿತೀಲಾ ಅಡುಗೆಮನೆಗೆ ಬಂದಳು. ನಾನು ಹಿಟ್ಟು ನಾದುತ್ತಾ ಕೂತಿದ್ದೆ. ಇತ್ಸೆಲ್ ಹೊರಗೆ ಮೆಟ್ಟಿಲ ಮೇಲಿದ್ದಳು.

“ಕೊಮಾದ್ರೆ, ನಿಮಗೆ ಕಾಗದ ಇದೆ ಅನ್ನೋ ಧೈರ್ಯದ ಮೇಲೇ ಇವಳನ್ನ ಬಿಟ್ಟು ಹೋಗ್ತಿದೀನಿ,” ಅಂದಳು ಮರಿಬೆಲ್. “ನಾಳೆ ಕೋರ್ಟಿಗೆ ಹೋಗಿ ಜವಾಬ್ದಾರಿ ನಿಮ್ಮ ಹೆಸರಿಗೆ ಮಾಡಿಸೋಣ. ಆಪರೇಷನ್ನಿಗೆ ಸಹಿ ಹಾಕೋರು ಒಬ್ಬರು ಬೇಕಂತೆ.”

ದೊಮಿತೀಲಾ ಕೈ ಒರೆಸಿಕೊಂಡರು. ಕುರ್ಚಿ ಎಳೆದು ಕೂತರು.

“ನನಗೆ ಕಾಗದ ಇಲ್ಲ ಕೊಮಾದ್ರೆ.”

ನಾನು ನಕ್ಕೆ. ತಮಾಷೆ ಅಂದುಕೊಂಡೆ. ಆಮೇಲೆ ಅವರ ಮುಖ ನೋಡಿ ಹಿಟ್ಟಿನಿಂದ ಕೈ ತೆಗೆದೆ.

“ಯಾವತ್ತೂ ಇರ್ಲಿಲ್ಲ. ಹೆದರ್ಕೊಂಡು ನಡೆದ್ರೆ ಗೊತ್ತಾಗಿಬಿಡುತ್ತೆ ಅಂತ ಎದೆಯೆತ್ತಿ ನಡೆದೆ. ಮೊದಮೊದ್ಲು ನಾಟಕ, ಆಮೇಲೆ ಅಭ್ಯಾಸ ಆಯ್ತು. ಕಾಗದ ಇದೆ ಅಂತ ನೀವೆಲ್ಲಾ ಅಂದ್ಕೊಂಡ್ರಿ. ನನ್ನ ನೆನೆಸ್ಕೊಂಡು ನಿಮಗೆ ನಿದ್ದೆ ಬರ್ತಿತ್ತು. ಆ ನಿದ್ದೆ ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ.”

ಮರಿಬೆಲ್ ಎದ್ದು ನಿಂತಳು. ಕೊಮಾದ್ರೆಗೆ ಯಾರೂ ಆಡಬಾರದ ಮಾತು ಆಡಿದಳು. “ಏಳು ವರ್ಷ! ನನ್ನ ಮಗೂನ ಎತ್ಕೊಂಡು ಮುದ್ದಾಡ್ಕೊಂಡು ಏಳು ವರ್ಷ ನನಗೆ ಮೋಸ ಮಾಡಿದೆಯಲ್ಲೇ! ಈಗ ನನ್ನ ಹುಡುಗೀನ ಎಲ್ಲಿ ಹಾಕ್ಲಿ, ಬಾವಿಗೆ ಹಾಕ್ಲಾ?”

ದೊಮಿತೀಲಾ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ಅವರ ತಲೆ ತಗ್ಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ಸಿಟ್ಟು ಬಂದಿತ್ತು, ನನ್ನ ಮಗನಿಗೂ ಅವರೇ ತಾನೆ ಧರ್ಮತಾಯಿ? ಆದರೆ ಆ ಬೆಳ್ಳನೆಯ ಬೈತಲೆ ನೋಡಿ ಮತ್ತೆ ಹಿಟ್ಟು ನಾದತೊಡಗಿದೆ. ಮರಿಬೆಲ್ ಅತ್ತು ಸುಸ್ತಾದ ಮೇಲೆ ಅವರು ಎದ್ದರು. “ನಾಳೆ ಬೆಳಿಗ್ಗೆ ಟಿಡ್ಮೋರ್ ಮನೆಗೆ ಹೋಗೋಣ,” ಅಂದರು.

ಸ್ಕೂಲು ಬಿಟ್ಟ ಮೇಲೆ ಇತ್ಸೆಲ್ ಶೆಡ್ಡಿನ ಆಫೀಸಿನಲ್ಲಿ ಕೂತಿರುತ್ತಿದ್ದಳು. ಟಿಡ್ಮೋರನ ಹೆಂಡತಿ ನಾದೀನ್ ಅವಳಿಗೆ ಓದಿಸುತ್ತಿದ್ದಳು, ತನ್ನ ಊಟದಲ್ಲಿ ಪಾಲು ಕೊಡುತ್ತಿದ್ದಳು. ಆ ಒಂದು ನಂಬಿಕೆಯ ಮೇಲೆ ನಾವು ಮೂವರೂ ಇತ್ಸೆಲ್‌ಳನ್ನು ಕರೆದುಕೊಂಡು ಹೋದೆವು. ಟಿಡ್ಮೋರ್ ಮನೆ ಮುಂದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ದೊಮಿತೀಲಾ ಸುತ್ತಿ ಬಳಸದೆ ಕೇಳಿದರು, ಹುಡುಗಿಯ ಜವಾಬ್ದಾರಿ ನೀವು ತಗೊಳ್ಳಿ ಅಂತ.

“ನಾನ್ಯಾಕೆ? ನೀನೇ ತಗೋ,” ಅಂದ ಅವನು. “ನಿನಗೇನು ತೊಂದರೆ?”

ನಾನು ಹಿಂದಿನಿಂದ ದೊಮಿತೀಲಾ ಶಾಲಿನ ತುದಿ ಎಳೆದೆ. “ವಯಸ್ಸಾಯ್ತು ಅನ್ನಿ,” ಅಂತ ನಮ್ಮ ಮಾತಿನಲ್ಲಿ ಪಿಸುಗುಟ್ಟಿದೆ. “ಬೀಪಿ ಇದೆ ಅನ್ನಿ.”

“ಬೇಡ ಕೊಮಾದ್ರೆ. ಸುಳ್ಳು ಸೇರ್ಸಿ ಮಗೂನ ಕೈಗೆ ತಗೊಂಡು ನೋಡಿದೀನಿ. ಸುಳ್ಳು ಸೇರ್ಸಿ ಕೊಡೋದು ಬೇಡ.” ಅವನ ಕಡೆ ತಿರುಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು.

ಟಿಡ್ಮೋರ್ ಕಾಫಿ ಲೋಟ ಕೆಳಗಿಟ್ಟ. ಅವನ ಕಿವಿ ಕೆಂಪಾಗಿತ್ತು. “ನನಗೆ ಹೇಳಬಾರ್ದಿತ್ತು ನೀನು,” ಅಂದ. “ಊರೆಲ್ಲಾ ನಿನ್ನ ಹೆಸರು ಹೇಳ್ಕೊಂಡು ತಿರುಗಿದೀನಲ್ಲ ನಾನು! ಈಗ ಗೊತ್ತಾಯ್ತು. ಗೊತ್ತಿದ್ದೂ ನಿನ್ನ ಇಟ್ಕೊಳ್ಳೋಕಾಗಲ್ಲ.”

“ಗೊತ್ತು. ಕೆಲಸ ಕೇಳೋಕೆ ಬಂದಿಲ್ಲ ನಾನು. ಹುಡುಗಿ ಈ ದೇಶದೋಳು. ಅವಳನ್ನ ಇಟ್ಕೊಂಡ್ರೆ ಯಾವ ಕಾನೂನೂ ನಿಮ್ಮನ್ನ ಏನೂ ಮಾಡಲ್ಲ. ಅದೊಂದಕ್ಕೆ ಉತ್ತರ ಹೇಳಿ.”

ಜಾಲರಿ ಬಾಗಿಲು ತಳ್ಳಿಕೊಂಡು ನಾದೀನ್ ಹೊರಗೆ ಬಂದಳು. ಎಲ್ಲಾ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ. “ಹುಡುಗೀನ ಬಿಸಿಲಲ್ಲಿ ನಿಲ್ಲಿಸ್ಬೇಡಿ, ಒಳಗೆ ಕರ್ಕೊಂಡು ಬನ್ನಿ,” ಅಂದಳು. ಗಂಡನ ಮುಖವನ್ನೂ ನೋಡಲಿಲ್ಲ ಪುಣ್ಯಾತ್ಗಿತ್ತಿ.

ಕೋರ್ಟಿನ ಕೆಲಸ ಮುಗಿಯಿತು. ಮರಿಬೆಲ್ ಕೂಸನ್ನೆತ್ತಿಕೊಂಡು ಹೊರಟಳು. ಹೊರಡೋ ಮುಂಚೆ ದೊಮಿತೀಲಾ ಎದುರು ನಿಂತು ಅವರ ಕೈಗೆ ಮುತ್ತಿಟ್ಟಳು, “ಕೊಮಾದ್ರೆ, ಬರ್ತೀನಿ” ಅಂದಳು. ನಾನು ಬೇರೆ ಕಡೆ ತಿರುಗಿಕೊಂಡೆ.

ದೊಮಿತೀಲಾ ಕೆಲಸ ಹೋಯಿತು, ಟ್ರೈಲರಿನ ಬಾಡಿಗೆಗೂ ದಾರಿಯಿಲ್ಲ. ನಮ್ಮನೇಲಿ ಇರಿ ಅಂದೆ, “ನನ್ನ ಇಟ್ಕೊಂಡ್ರೆ ನಿಮ್ಮ ತಲೆಗೂ ಬರುತ್ತೆ” ಅಂತ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಗಡಿ ಕಡೆ ಹೋಗೋ ವ್ಯಾನು ಬಂತು. ಇತ್ಸೆಲ್ ಸ್ಕೂಲಿನಲ್ಲಿದ್ದಳು. ಹೇಳಿ ಹೋದರೆ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಹಾಗೆ ಅಳೋದು ಅವಳ ಎದೆಗೆ ಆಗದು ಅಂತ ಡಾಕ್ಟರು ಹೇಳಿದ್ದರು, ಅದಕ್ಕೇ ಹೇಳದೆ ಹೋದರು. ವ್ಯಾನಿನ ಕಿಟಕಿಯಿಂದ, “ಸಂಜೆ ನೀವೇ ಹೋಗಿ ಹೇಳಿ ಕೊಮಾದ್ರೆ, ಮೆತ್ತಗೆ ಹೇಳಿ,” ಅಂದರು. ನಾನು ಜನ್ಮದಲ್ಲಿ ಯಾವತ್ತೂ ಮೆತ್ತಗೆ ಮಾತಾಡಿದವಳಲ್ಲ. ಆವತ್ತು ಪ್ರಯತ್ನ ಮಾಡಿದೆ. ಹುಡುಗಿ ಅಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಮಾರ್ಚಿನಲ್ಲಿ ಆಪರೇಷನ್ ಆಯಿತು. ಸಹಿ ಹಾಕಿದ್ದು ಟಿಡ್ಮೋರ್. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಟೋಪಿ ಹಿಸುಕುತ್ತಾ ಕೂತಿದ್ದವನೂ ಅವನೇ. ಹುಡುಗಿ ಮನೆಗೆ ಬಂದಳು, ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದಳು, ಫೌಸ್ತೋ ಜೊತೆಗೂ ಮಾತಾಡಿದಳು. ಧರ್ಮತಾಯಿಯ ಹೆಸರೆತ್ತಿದರೆ ಮಾತ್ರ ಎದ್ದು ಹೋಗೋಳು. ಹಿದಾಲ್ಗೊದಿಂದ ಅವರು ಪ್ರತಿ ಭಾನುವಾರ ನನಗೆ ಫೋನ್ ಮಾಡಿ, “ಹೇಗಿದಾಳೆ? ನಡೀತಾಳಾ? ಊಟ ಮಾಡ್ತಾಳಾ?” ಅಂತ ಕೇಳೋರು. ಅವಳ ಹತ್ರ ಮಾತಾಡಿಸಿ ಅಂತ ಒಂದು ಸಲವೂ ಕೇಳಲಿಲ್ಲ.

ಟೊಮೇಟೊ ಸಸಿ ನೆಡೋ ಹೊತ್ತಿಗೆ ಒಂದು ಭಾನುವಾರ ನಾನು ಟಿಡ್ಮೋರ್ ಮನೆ ಜಗಲಿಯಲ್ಲಿದ್ದಾಗ ಫೋನ್ ಬಂತು. ಇತ್ಸೆಲ್ ನನ್ನ ಮುಖ ನೋಡಿ ಯಾರು ಅಂತ ಅರ್ಥ ಮಾಡಿಕೊಂಡಳು. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ನೀನು ಹೇಳ್ದೇ ಹೋದೆ! ಸ್ಕೂಲಿಂದ ಬಂದ್ಮೇಲೆ ಹೇಳಿದ್ರು ನನಗೆ, ನೀನು ಹೇಳ್ಬೇಕಿತ್ತು, ನಾನೇನು ಚಿಕ್ಕ ಪಾಪುನಾ, ನಾನು ಅಳ್ತಾನೇ ಇರ್ಲಿಲ್ಲ, ಆಸ್ಪತ್ರೇಲಿ ಸೂಜಿ ಚುಚ್ಚಿದಾಗ್ಲೂ ಅಳ್ಲಿಲ್ಲ, ನೀನು ಬರ್ತೀಯ ಅಂತ ಬಾಗಿಲು ನೋಡ್ತಿದ್ದೆ, ನೀನು ಬರ್ಲೇ ಇಲ್ಲ, ನೀನು ಕೆಟ್ಟೋಳು, ನಿನ್ನ ಜೊತೆ ಟೂ, ಯಾವತ್ತೂ ಮಾತಾಡಲ್ಲ!”

ಫೋನನ್ನು ನನ್ನ ಮಡಿಲಿಗೆ ಎಸೆದು ನಿಂತಳು. ಕೆನ್ನೆ ಕೆಂಪಗೆ, ತುಟಿ ಕೆಂಪಗೆ. ನಾನು ಫೋನು ಎತ್ತಿ ಕಿವಿಗಿಟ್ಟುಕೊಂಡೆ.

“ಬೇಜಾರು ಮಾಡ್ಕೋಬೇಡಿ ಕೊಮಾದ್ರೆ, ಮಗು ಅದು, ಏನೋ ತಿಳೀದೆ...”

“ಸುಮ್ನಿರಿ,” ಅಂದರು. “ಅಷ್ಟು ಬೈದ್ಳಲ್ಲ, ಮಧ್ಯದಲ್ಲಿ ಒಂದ್ಸಲಾನೂ ಉಸಿರಿಗೆ ನಿಲ್ಲಿಸ್ಲಿಲ್ಲ. ಫೋನ್ ಅವಳ ಕೈಗೇ ಕೊಡಿ. ಇನ್ನೂ ಬೈಲಿ.”