ರೇಡಿಯೇಟರ್ ಮುಚ್ಚಿದ ಶುಭಾಶಯ

ಸ್ನೇಹಿತರೇ, ನಮ್ಮ ಕಾಕಾರ ಹಳೆಯ ಪಿಕಪ್ ಇವತ್ತು ಹಾಲಿನ ಕ್ಯಾನುಗಳ ಸಮೇತ ಅಂಕಲಗಿ ದಾಟುತ್ತಲೇ ಇಂಜಿನ್ ಕಾದು ಮತ್ತೆ ನಿಂತುಬಿಟ್ಟಿತು. ಹಾಲು ಒಡೆಯುವುದರೊಳಗೆ ಗೋಕಾಕದ ಡೈರಿ ಮುಟ್ಟಬೇಕಿತ್ತು.

ಫೋನ್ ಮಾಡಿದೆವು, ನಮ್ಮೂರಿನ ಮೆಕ್ಯಾನಿಕ್ ಬಂದ. ಹೋದ ವಾರವಷ್ಟೇ ಇದರ ನೀರಿನ ಪಂಪು ಬದಲಿಸಿದವನು ಅವನೇ. ಫ್ಯಾನ್, ಬೆಲ್ಟ್ ಎಲ್ಲ ನೋಡಿ, "ಇನ್ನ ಇಂಜಿನ್ನ ಬಿಚ್ಚಬೇಕ್ರಿ" ಎಂದ.

ನಾನು ಗಾಡಿಯ ಮುಂದೆ ಹೋಗಿ ನೋಡಿದೆ. ಗಾಳಿ ಒಳಹೋಗುವ ಜಾಲರಿಯ ತುಂಬ ಮುಖಂಡರೊಬ್ಬರ ದೊಡ್ಡ ಮುಖವಿದ್ದ ಹುಟ್ಟುಹಬ್ಬದ ಫ್ಲೆಕ್ಸ್, ತಂತಿ ಹಾಕಿ ಬಿಗಿದದ್ದು.

"ಇದನ್ನ ಬಿಚ್ಚಿದ್ರ ಸಾಕಲ್ಲ?"

ಮೆಕ್ಯಾನಿಕ್ ದನಿ ಇಳಿಸಿದ. "ಅದು ಮೊದಲ ಗೊತ್ತಿತ್ರಿ. ಸಾಹೇಬ್ರ ಮಾರಿ ಬಿಚ್ಚು ಅಂತ ಹೆಂಗ ಹೇಳೂದ್ರಿ? ನಂದೂ ಗ್ಯಾರೇಜ ನಮ್ಮೂರಾಗ ನಡೀಬೇಕಲ್ರಿ."

ಗೊತ್ತಿದ್ದೂ ಪಂಪು ಬದಲಿಸಿದ್ದನಂತೆ! ಸಿಟ್ಟಿನಿಂದ ತಂತಿಗೆ ಕೈ ಹಾಕಿದರೆ ಕಾಕಾ ಅಡ್ಡ ಬಂದರು. "ತಡಿಯೋ! ನಡುರಸ್ತೆದಾಗ ಸಾಹೇಬ್ರನ್ನ ಇಳಿಸಿದ್ರ ಮಂದಿ ಏನಂದಾರು?"

"ಹಾಲು ಒಡದ್ರ ಏನಂದಾರು, ಕಾಕಾ?"

ಬಿಸಿಲಿನಲ್ಲಿ ಬಹಳ ಹೊತ್ತು ಜಗಳವಾಡಿದೆವು. ಕೊನೆಗೆ ಕಾಕಾ ತಾವೇ ಫ್ಲೆಕ್ಸ್ ಬಿಚ್ಚಿ, ಮಡಿಸಿದರೆ ಮುಖ ಮುರಿಯುತ್ತದೆಂದು ಪಕ್ಕದ ಸೀಟಿನ ಮೇಲೆ ಹರವಿದರು. ನಾನು ಹಿಂದೆ ಕ್ಯಾನುಗಳ ನಡುವೆ ಕುಳಿತೆ. ಗೋಕಾಕದವರೆಗೆ ಇಂಜಿನ್ ಒಮ್ಮೆಯೂ ಕಾಯಲಿಲ್ಲ.

ಡೈರಿಯವನು ಮುಚ್ಚಳ ತೆಗೆದು ಮೂಸಿದ. "ಒಡದೈತ್ರಿ ಕಾಕಾ. ವಾಪಸ್ ಒಯ್ರಿ."

ಕಾಕಾ ನನ್ನ ಕಡೆ ತಿರುಗಿ, "ಸಾಹೇಬ್ರಿಗೆ ಒಂದ ಫೋನ್ ಹಚ್ಚು. ಅವರು ಹೇಳಿದ್ರ ತಗೋತಾರ" ಎಂದರು.

ಒಡೆದ ಹಾಲನ್ನು ಸಾಹೇಬರು ಫೋನಿನಲ್ಲಿ ಹೇಗೆ ಕೂಡಿಸುತ್ತಾರೋ ನೋಡುವ ಆಸೆ ನನಗೂ ಇದೆ. ಸದ್ಯಕ್ಕೆ ಅವರು ಫೋನ್ ಎತ್ತುತ್ತಿಲ್ಲ.