ಕುತ್ತಿಗೆಗೆ ತೊಡೆಯ ತೇಪೆ

ಎಂಬತ್ತರ ದಶಕದ ಆರಂಭ. ಶಿಗ್ಗಾಂವಿಯ ದವಾಖಾನೆಯಲ್ಲಿ ಎರಡು ವರ್ಷ ಕಳೆದು, ಹುಬ್ಬಳ್ಳಿಯಲ್ಲಿ ಸರ್ಜರಿ ಕಲಿಯುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದವನು, ಯಾರು ಏನೇ ಹೇಳಲಿ, "ಪುರಾವೆ ಎಲ್ಲಿ?" ಅನ್ನುವುದು ನನ್ನ ಚಾಳಿ.

ಸವಣೂರಿನ ರುದ್ರಪ್ಪಜ್ಜ ನನಗೆ ಶಿಗ್ಗಾಂವಿಯಿಂದಲೇ ಗೊತ್ತು. ವೀಳ್ಯದೆಲೆ ಹರಾಜಿನಲ್ಲಿ ಸವಾಲು ಕೂಗುವವ. ಈಚೆಗೆ ಕೂಗುವಾಗಲೇ ನಾಲಿಗೆ ತೊಡರಿ, ಬಲಗೈ ಜೋಲುಬಿದ್ದು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಮಿದುಳಿಗೆ ರಕ್ತ ಒಯ್ಯುವ, ಕುತ್ತಿಗೆಯ ಎಡಗಡೆಯ ಕೆರೋಟಿಡ್ ನಾಳ ಕೊಬ್ಬುಗಟ್ಟಿ ಕಿರಿದಾಗಿತ್ತು. ಹಾಗೇ ಬಿಟ್ಟರೆ ಪಾರ್ಶ್ವವಾಯು. ಮಾತು ಹೋದರೆ ಅಜ್ಜನ ಬದುಕೇ ಹೋದಂತೆ.

ನಾಳ ಸೀಳಿ ಕೊಬ್ಬು ತೆಗೆದು, ತೊಡೆಯ ವೇನ್, ಅಂದರೆ ಅಭಿಧಮನಿಯ ತುಂಡನ್ನು ಅಲ್ಲಿಗೆ ತೇಪೆಯಾಗಿ ಹೊಲಿಯುವುದು ಸರ್ಜರಿ ಕಲಿಸುವ ನಮ್ಮ ಸರ್ ಯೋಜನೆ. ನಾನು ಸುಮ್ಮನಿರಲಿಲ್ಲ.

"ಸರ್, ನೇರ ಹೊಲಿದ್ರ ಲಗೂನ ಮುಗೀತದಲ್ರಿ?"

"ನಾಳ ಮತ್ತ ಸಣ್ಣ ಆಗತದ. ನಾಳೆ ಕಟ್ಟಿಕೊಂಡ್ರ ನೀ ವಾದಾ ಮಾಡಿ ಬಿಡಸ್ತೀಯೇನು?"

"ಹಂಗಾದ್ರ ಹಿಮ್ಮಡಿ ಹತ್ರದ ವೇನ್ ಯಾಕ ಬ್ಯಾಡ?"

"ಅದು ತೆಳು. ಇಲ್ಲಿನ ಒತ್ತಡಕ್ಕ ಹರೀತದ."

ಅರೆಮನಸ್ಸಿನಿಂದ ಒಪ್ಪಿದೆ. ಸರ್ ನಕ್ಕು ನನ್ನ ಬಾಯಿಗೇ ಕೆಲಸ ಕೊಟ್ಟರು. ಕುತ್ತಿಗೆ, ತೊಡೆಗಳನ್ನಷ್ಟೇ ಮರಗಟ್ಟಿಸಿ ಮಾಡುವ ಆಪರೇಷನ್, ರೋಗಿ ಎಚ್ಚರವಾಗಿರುತ್ತಾನೆ. ಕ್ಲ್ಯಾಂಪ್ ಹಾಕಿ ರಕ್ತ ತಡೆದಿರುವಷ್ಟು ಹೊತ್ತು ಅವನು ಮಾತಾಡುತ್ತಿರಬೇಕು. ಮಾತು ನಿಂತರೆ ಮಿದುಳಿಗೆ ರಕ್ತ ಸಾಲುತ್ತಿಲ್ಲವೆಂದು ತಿಳಿದು, ಷಂಟ್ ಎಂಬ ಕೊಳವೆ ತೂರಿಸಬೇಕು. "ತಲಿ ಕಡೆ ಕೂತು ಅಜ್ಜನ ಕೂಡ ಜಗಳಾ ತಗಿ," ಎಂದರು.

ಹಸಿರು ಬಟ್ಟೆಯ ಮರೆಯಲ್ಲಿ ನಾವಿಬ್ಬರೇ. ಅಜ್ಜನ ಬಲಗೈ ನನ್ನ ಕೈಯಲ್ಲಿ.

"ಕಾಲಿಂದು ಕುತ್ತಿಗಿಗೆ ಹಚ್ಚಾಕತ್ತೀರಿ. ನಾಳೆ ತಲೀಲೆ ನಡೀಬೇಕೇನ್ರಿ ಡಾಕ್ಟರ?"

"ಅದಿರಲಿ ಅಜ್ಜಾರ, ಸವಣೂರ ಎಲಿಗಿಂತ ಹಾನಗಲ್ಲ ಎಲೀನ ಚಲೋ ಅಂತಾರಲ್ಲ?"

"ಯಾವ ನಾಲಿಗಿ ಇಲ್ಲದಾವ ಅಂದಾನ್ರಿ? ನಮ್ಮ ಎಲಿ ಬಾಯಾಗ ಕರಗತದ. ಅವರದನ್ನ ಎತ್ತು ಅಗೀಬೇಕು!"

"ಪುರಾವೆ?"

ಅಜ್ಜ ಸುಮ್ಮನಾದ.

ತೇಪೆ ಅರ್ಧ ಹೊಲಿದಾಗಿತ್ತು. ಸರ್ ಕೈ ನಿಂತಿತು. ಸಿಸ್ಟರ್ ಷಂಟ್ ಎತ್ತಿಕೊಂಡರು. ನಾನು ಅಜ್ಜನ ಕಿವಿಗೆ ಬಾಗಿದೆ. "ಅಜ್ಜಾರ! ಸೋತ್ರೇನು?"

ಅವನ ಬೆರಳುಗಳು ನನ್ನ ಕೈಯನ್ನು ಹಿಂಡಿದವು. "ತಡಿಯೋ ತಮ್ಮಾ. ಪುರಾವೆ ಕೇಳೀಯಲ್ಲ, ಚಲೋದೊಂದು ಹುಡುಕಾಕತ್ತೇನಿ."

ಸೂಜಿ ಮತ್ತೆ ನಡೆಯಿತು.

ಗಾಯ ಮಾಗಿದ ಮೇಲೆ ಸವಣೂರಿಗೆ ಹೋದೆ. ಅಜ್ಜನ ಕೂಗು ಬೀದಿಯ ತುದಿಗೇ ಕೇಳಿಸಿತು. ನನ್ನನ್ನು ಕಂಡವನೇ ಎರಡು ಊರಿನ ಎರಡು ಎಲೆ ಕೈಗಿಟ್ಟು, "ಅಗೀರಿ, ಇದ ನಿಮ್ಮ ಪುರಾವೆ," ಎಂದ.

ಎದುರಾಳಿಯ ಬಾಯಿ ಕಟ್ಟಿಸುವುದೇ ಗೆಲುವು ಎಂದು ವೇದಿಕೆಯಲ್ಲಿ ಕಲಿತಿದ್ದೆ. ಆತ ಉತ್ತರ ಕೊಡಲಿ ಎಂದು ಉಸಿರು ಹಿಡಿದು ಕಾಯುವುದನ್ನು ಆ ಮೇಜಿನ ತಲೆದೆಸೆಯಲ್ಲಿ ಕಲಿತೆ. ಎಲೆ ಅಗಿದೆ. ಸವಣೂರಿನದು ನಿಜವಾಗಿಯೂ ಕರಗಿತು. ಅಷ್ಟು ರುಚಿಯಾದ ಸೋಲು ಮತ್ತೆ ಸಿಕ್ಕಿಲ್ಲ.