‘ಬಂದ್ನಿ’ ಅನ್ನುವ ಪ್ರೋಗ್ರಾಮು

ನಮ್ಮ ಕಡೆ ಯಾರನ್ನಾದರೂ ಕರೆದರೆ ಕೂತಲ್ಲಿಂದಲೇ ‘ಬಂದ್ನಿ’ ಅನ್ನುತ್ತಾರೆ. ಬಂದೇಬಿಟ್ಟೆ ಎಂದು ಅರ್ಥ, ಆದರೆ ಎದ್ದಿರುವುದಿಲ್ಲ. ಆ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಲಮಟ್ಟಿಯ ಹತ್ತಿರದ ಒಂದು ಕಾಲುವೆಯ ಗೇಟನ್ನು ಮೋಟಾರಿನಿಂದ ಇಳಿಸಲು ನಾವು ಪ್ರೋಗ್ರಾಮು ಬರೆದಿದ್ದೆವು. ಗೇಟು ತಳ ಮುಟ್ಟಿದ ಕೂಡಲೇ ಸಿಗ್ನಲ್ ಬರುತ್ತದೆ. ಆಗ ಕೈಯಲ್ಲಿದ್ದ ಕೆಲಸ ಬಿಟ್ಟು ಮೋಟಾರು ನಿಲ್ಲಿಸಬೇಕು. ಆದರೆ ಆ ಪ್ರೋಗ್ರಾಮನ್ನು ಕೆಳಗಿನಿಂದ ನಡೆಸುವ ರನ್‌ಟೈಮ್ ಎಂಬ ಇನ್ನೊಂದು ಪ್ರೋಗ್ರಾಮು ಬರೆದವರು ನಮ್ಮ ಹಿರಿಯ ಎಂಜಿನಿಯರು. ಅವರ ರನ್‌ಟೈಮ್ ಮೆಮೊರಿಯಲ್ಲಿನ ಕಸ, ಅಂದರೆ ಬಳಸಿ ಬಿಟ್ಟ ಹಳೆಯ ಮಾಹಿತಿ, ಗುಡಿಸಲು ಕೂತರೆ, ಬಂದ ಸಿಗ್ನಲ್ಲನ್ನು ಬರೀ ಗುರುತು ಹಾಕಿಕೊಳ್ಳುತ್ತಿತ್ತು. ಗುಡಿಸಿ ಮುಗಿಯುವ ತನಕ ಮೋಟಾರಿನ ಗೊಡವೆಗೇ ಹೋಗುತ್ತಿರಲಿಲ್ಲ.

‘ಸರ, ಇದು ಬಂದ್ನಿ ಬಂದ್ನಿ ಅಂತೈತ್ರಿ, ಏಳಂಗಿಲ್ಲ’ ಎಂದು ಜಗಳಕ್ಕೇ ನಿಂತೆ.

‘ಸಿಗ್ನಲ್ ಎಲ್ಲೂ ಹೋಗಂಗಿಲ್ಲವ್ವಾ, ಚೂರು ತಡಾ ಆಗ್ತೈತಿ ಅಷ್ಟ’ ಎಂದು ನಕ್ಕರು.

ಪರೀಕ್ಷೆಯ ದಿನ ಗೇಟು ತಳ ಮುಟ್ಟಿದಾಗ ರನ್‌ಟೈಮ್ ಗುಡಿಸುತ್ತ ಕೂತಿತ್ತು. ಮೋಟಾರು ಗೇಟನ್ನು ಕೆಳಕ್ಕೆ ಒತ್ತುತ್ತಲೇ ಹೋಯಿತು. ಗೇಟನ್ನು ಏರಿಸಿ ಇಳಿಸುವ, ತೋಳಿನಷ್ಟು ದಪ್ಪದ ಕಬ್ಬಿಣದ ರಾಡು ನನ್ನ ಕಣ್ಣೆದುರಿಗೇ ಬಿಲ್ಲಿನಂತೆ ಬಾಗಿತು. ನಾನೇ ಓಡಿಹೋಗಿ ಕರೆಂಟು ಕಿತ್ತೆ.

ಹಿರಿಯರು ಮುದ್ದೇಬಿಹಾಳದಲ್ಲಿದ್ದರು. ಫೋನು ಹಚ್ಚಿದೆ. ‘ಸರ, ರಾಡ್ ಡೊಂಕಾಗೇತ್ರಿ. ಈಗಿಂದೀಗ ಬರ್ರಿ.’

‘ಬಂದ್ನಿ, ಬಂದ್ನಿ’ ಎಂದರು. ಫೋನು ಬಂದ್ ಮಾಡುವುದನ್ನು ಮರೆತು, ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದೂ ಕೇಳಿಸಿತು: ‘ಇನ್ನೊಂದು ಚಾ ಹೇಳೋ.’